ಹೆಪ್ಪು

ವಿಜ್ಞಾನಿಯ ಕೈಯಲ್ಲಿ ಆ ಔಷಧಿ ಒಂದೇ ಒಂದು ಸಲ ಹರಳುಗಟ್ಟಿತ್ತು. ಅವನು ಅಷ್ಟನ್ನೂ ಪರೀಕ್ಷೆಗೆ ಕಳಿಸಿ ಮುಗಿಸಿದ್ದ. ಆಮೇಲೆ ನಲವತ್ತು ಸಲ ಅದೇ ಅಳತೆ, ಅದೇ ಕಾವಿನಲ್ಲಿ ಮಾಡಿದರೂ ಬಾಟಲಿಯಲ್ಲಿ ಬರೀ ನೀರು. ನಾಳೆ ಹರಳು ತೋರಿಸದಿದ್ದರೆ ಪ್ರಯೋಗಾಲಯಕ್ಕೆ ಬೀಗ.

ತಲೆ ಹಿಡಿದು ಕೂತವನನ್ನು ಬಾಟಲಿ ತೊಳೆಯುವ ಪುಟ್ಟಗೌರಮ್ಮ ಕೇಳಿದಳು, “ಹೆಪ್ಪು ಹಾಕಿದ್ರಾ ಸಾರ್?”

“ಹೆಪ್ಪಿಗೆ ಹಳೇ ಹರಳು ಬೇಕಲ್ಲಮ್ಮ, ಒಂದು ಚೂರೂ ಉಳಿಸ್ಲಿಲ್ಲ. ಮೊದಲ್ನೇ ಸಲ ಹೆಪ್ಪಿಲ್ದೇನೇ ಆಗಿತ್ತು.”

“ಹೆಪ್ಪಿಲ್ದೆ ಮೊಸರಾಗುತ್ತಾ ಸಾರ್? ಅವತ್ತು ಬಾಟ್ಲಿ ತಳದಲ್ಲಿ ನಿಮಗಿಂತ ಮುಂಚೆ ಇಲ್ಲಿದ್ದ ಸಾರ್ ಮಾಡಿದ್ದ ಇದೇ ಔಷಧಿ ಬೆಳ್ಳಗೆ ಅಂಟ್ಕೊಂಡಿತ್ತಲ್ಲ.”

ಅವನು ಧಡಕ್ಕನೆ ಎದ್ದ. “ಆ ಥರದ್ದು ಇನ್ನೊಂದು ಬಾಟ್ಲಿ ಇದ್ಯಾ?”

“ಕಪಾಟು ತುಂಬಾ ಇದ್ವು. ಸರಿಯಾಗಿ ತೊಳೆದಿಲ್ಲ ಅಂತ ನೀವು ಬೈದ ದಿನಾನೇ ಎಲ್ಲಾನೂ ಆಸಿಡ್ ಹಾಕಿ ಫಳಫಳ ಅನ್ನೋ ಹಾಗೆ ಉಜ್ಜಿಟ್ಟೆ ಸಾರ್.”