ಮಳೆ ನಿಂತ ಮೇಲೆ ಕೂಗಿದ ಸೈರನ್

ಆವತ್ತು ಮಧ್ಯಾಹ್ನ ಪೆನ್ನಾಗರಂ ಕಡೆಯ ನಮ್ಮ ಹೊಲದಲ್ಲಿ ಅಜ್ಜಿ, ಅವ್ವ, ನಾನು ಮೂವರೇ ಇದ್ದೆವು. ಮಂದೆಯ ಜೊತೆ ನಡೆಯಲಾರದ ನಾಲ್ಕು ಎಳೆಮರಿಗಳನ್ನು ಕೆಳಗೆ ಹಳ್ಳದ ಪಕ್ಕ ಮಂಕರಿಯಡಿ ಮುಚ್ಚಿ, ಮೇಲೊಂದು ಕಲ್ಲು ಹೇರಿದ್ದೆವು. ಒದ್ದೆ ಉಣ್ಣೆಯ ವಾಸನೆ ಬಂದರೆ ಇವತ್ತಿಗೂ ನನಗೆ ಆ ಮಂಕರಿಯೇ ಕಣ್ಣಿಗೆ ಕಟ್ಟುತ್ತದೆ.

ಬಿರುಮಳೆಗೆ ಮೊದಲೇ ಎಚ್ಚರಿಸಲೆಂದು ತಾಲೂಕು ಆಫೀಸಿನವರು ಊರಲ್ಲೊಂದು ಸೈರನ್ ಹಾಕಿಸಿದ್ದರು. ಮೋಡ ಕಪ್ಪಿಟ್ಟಿತು. ಅಜ್ಜಿ ಸೆರಗು ಬಿಗಿದಳು. "ಏಳ್ರೇ, ಮರಿಗುಳ್ನ ಮನೆಗೆ ಒತ್ಕೊಂಡ್ ಓಗಾನ."

"ಸೈರನ್ ಇನ್ನೂ ಕೂಗಿಲ್ವಲ್ಲತ್ತೆ," ಅಂದಳು ಅವ್ವ, ಕಳೆ ಕೀಳುತ್ತಲೇ. "ಕೂಗಿದ್ ಮ್ಯಾಲೆ ಎದ್ರೆ ಪೋದುಂ, ಅಷ್ಟೇ ಸಾಕು ಅಂತ ಆಫೀಸರೇ ಯೋಳವ್ರೆ."

"ನಿನ್ ಆಫೀಸರ್ ಯಾವತ್ತು ಕುರಿ ಮೇಯ್ಸಿದ್ದ?" ಎಂದು ಗೊಣಗುತ್ತಾ ಅಜ್ಜಿ ಮತ್ತೆ ಕೂತಳು.

ಸೈರನ್ ಕೂಗಲೇ ಇಲ್ಲ. ಅದು ಓಡುವುದು ಕರೆಂಟಿನಲ್ಲಿ. ಗಾಳಿ ಎದ್ದ ತಕ್ಷಣ ಊರಿನ ಕರೆಂಟೇ ಹೋಗಿತ್ತು! ಆಲಿಕಲ್ಲು ಸುರಿಯಿತು, ಹಳ್ಳ ಉಕ್ಕಿತು. ನಾವು ಓಡಿಹೋಗಿ ಮಂಕರಿ ಎತ್ತುವಷ್ಟರಲ್ಲಿ ಎರಡು ಮರಿ ನೀರು ಕುಡಿದು ತಣ್ಣಗಾಗಿದ್ದವು. ಅಜ್ಜಿ ಒಂದನ್ನು ಮಡಿಲಿಗೆ ಹಾಕಿಕೊಂಡು ಉಜ್ಜಿದಳು, ಉಜ್ಜುತ್ತಲೇ ಇದ್ದಳು.

ಬಿಸಿಲು ಬಂದ ಮೇಲೆ ಕರೆಂಟೂ ಬಂತು. ಸ್ವಿಚ್ಚು ಒತ್ತಿದವನು ಅದನ್ನು ಹಾಗೇ ಬಿಟ್ಟಿದ್ದನೇನೋ, ಸೈರನ್ ಊರೆಲ್ಲ ಕಿವಿ ಮುಚ್ಚುವಂತೆ ಅರಚಿತು.

"ಬಾಯ್ ಮುಚ್ಲೇ, ಮೂದೇವಿ!" ಅಜ್ಜಿ ಸೈರನ್ನಿಗೇ ಬೈದಳು.

ವಾರ ಕಳೆದು ಆಫೀಸಿನವರೊಬ್ಬರು ಪುಸ್ತಕ ಹಿಡಿದು ಮನೆಗೆ ಬಂದರು. "ಪಾಟಿ, ಅವತ್ತು ಸೈರನ್ ಕೇಳಿಸ್ತಾ?" ಎಂದು ಅಜ್ಜಿಯನ್ನು ಕೇಳಿದರು.

"ಕೇಳಿಸ್ತಪ್ಪಾ, ಚೆನ್ನಾಗೇ ಕೇಳಿಸ್ತು. ಆದ್ರೆ..."

ಅವರು ಅಷ್ಟನ್ನೇ ಬರೆದುಕೊಂಡು ಪಕ್ಕದ ಮನೆಗೆ ಹೋದರು.