ಲೆನ್ಸು ನುಂಗಿದ ನೀರು

"ಇನ್ನೊಂದು ಹೆಜ್ಜೆ ಎಡಕ್ಕೆ, ಮೇಷ್ಟ್ರೇ," ಎಂದಳು ಅವಳು ಫೋನಿನಲ್ಲಿ. ಕಣ್ಣು ಕ್ಯಾಮೆರಾದಿಂದ ಕದಲಲಿಲ್ಲ.

ಹಾಳುಬಿದ್ದ ಐಸ್ ಕಾರ್ಖಾನೆಯ ತಾರಸಿಯಿಂದ ಆಚೆ ದಡದ ಬಂದರು ಆಟಿಕೆಯಂತೆ ಕಾಣುತ್ತಿತ್ತು. ತುಕ್ಕು ಹಿಡಿದ ಕ್ರೇನುಗಳು, ಎಣ್ಣೆಯ ಟ್ಯಾಂಕುಗಳು, ಕಲ್ಲಿದ್ದಲ ಗುಡ್ಡ. ಉದ್ದ ಲೆನ್ಸಿನೊಳಗೆ ಮಾತ್ರ ಎಲ್ಲವೂ ಕೈಗೆಟುಕುವಷ್ಟು ಹತ್ತಿರ. ನೀರಿಗೆ ಚಾಚಿಕೊಂಡ ಜೆಟ್ಟಿಯ ತುದಿಯಲ್ಲಿ ನಿಂತ ಮೇಷ್ಟ್ರ ನರೆತ ಮೀಸೆಯೂ ಕಾಣುತ್ತಿತ್ತು.

ಆ ಕ್ರೇನುಗಳಲ್ಲೊಂದನ್ನು ಅವಳ ಅಪ್ಪ ನಡೆಸುತ್ತಿದ್ದ. ಅವಳು ಚಿಕ್ಕವಳಿದ್ದಾಗ ಉಕ್ಕಿನ ತೊಲೆ ಬಿದ್ದು ಕೂಲಿಯವನೊಬ್ಬ ಸತ್ತ. ಬಿದ್ದದ್ದು ಬೇರೆ ಕ್ರೇನಿನ ತೊಲೆ, ನನ್ನದು ಎಷ್ಟೋ ಹಿಂದಿತ್ತು ಎಂದು ಅಪ್ಪ ಬಡಕೊಂಡ. ಆದರೆ ತೊಲೆ ಬೀಳುವ ತುಸು ಮುಂಚೆ ಈ ದಡದಿಂದ ತೆಗೆದ ಫೋಟೋವೊಂದರಲ್ಲಿ ಅಪ್ಪನ ತೊಲೆ ಸತ್ತವನ ನೆತ್ತಿಯ ಮೇಲೆಯೇ ತೂಗುತ್ತಿತ್ತು. ಅದು, ಜೊತೆಗೆ ತೆಗೆದವನ ಒಂದು ಸಾಲಿನ ಸಾಕ್ಷಿ; ಕೋರ್ಟಿಗೆ ಅಷ್ಟೇ ಸಾಕಾಯಿತು.

ಜೈಲಿನಿಂದ ಬಂದು ಗೋಡೆಗೆ ಮುಖ ಮಾಡಿ ಕೂತ ಅಪ್ಪ ಇನ್ನೂ ತಿರುಗಿಲ್ಲ. ತಟ್ಟೆ ಇಟ್ಟರೆ ಉಣ್ಣುತ್ತಾನೆ. ಮಾತಿಲ್ಲ. ಆ ಮೌನವನ್ನು ತುತ್ತಿನ ಜೊತೆ ನುಂಗಿಯೇ ಅವಳು ಬೆಳೆದಳು. ಅಪ್ಪನ ಬಾಯಿ ಕಟ್ಟಿಸಿದವನನ್ನು ಇದೇ ಲೆನ್ಸಿನಲ್ಲಿ ಹಿಡಿಯದೆ ಬಿಡುವುದಿಲ್ಲವೆಂದು ನಿಶ್ಚಯಿಸಿದ್ದಳು.

ಬಂದರಿನ ಮ್ಯಾನೇಜರ್ ತಾಮ್ರ ಕಳ್ಳರೊಂದಿಗೆ ಶಾಮೀಲು, ಸಂಜೆ ದೋಣಿ ಬರುವಾಗ ಫೋಟೋದಲ್ಲಿ ಹಿಡಿಯೋಣ ಎಂದು ಮೇಷ್ಟ್ರಿಗೆ ಅವಳೇ ಸುದ್ದಿ ತಂದಿದ್ದಳು. ಬಂದರು ಕಂಪನಿಯ ಕ್ಯಾಲೆಂಡರಿಗೆ ಫೋಟೋ ತೆಗೆಯುವ ಕೆಲಸ ತಪ್ಪಿಸಿದ ಆ ಮ್ಯಾನೇಜರ್ ಮೇಲೆ ಮೇಷ್ಟ್ರಿಗೂ ಹಲ್ಲುಮಸೆತವಿತ್ತು, ಕುಣಿದು ಒಪ್ಪಿದರು. ಫೋಟೋ ಕಲಿಸಿ ಕಲಿಸಿ ಮೇಷ್ಟ್ರೆಂದೇ ಹೆಸರಾದವರು. ಅವರ ಸ್ಟುಡಿಯೋ ಸೇರಿದ ಇವಳನ್ನು ಯಾರ ಮಗಳೆಂದು ಕೇಳಲಿಲ್ಲ. ಬಾಯ್ತುಂಬ ಮಗಳೇ ಎಂದೇ ಕರೆದರು.

"ಉದ್ದ ಲೆನ್ಸು ನಡುವಿನ ನೀರನ್ನೆಲ್ಲ ನುಂಗಿಬಿಡುತ್ತೆ, ಮಗಳೇ. ಹಿಂದಿರೋದು ಬಂದು ಮುಂದಿರೋದರ ಹೆಗಲೇರಿ ಕೂರುತ್ತೆ," ಎಂದು ಒಮ್ಮೆ ನಕ್ಕಿದ್ದರು. ಅವಳೂ ನಕ್ಕಿದ್ದಳು.

"ಮ್ಯಾನೇಜರ್ ನಿಲ್ಲೋದು ಅಲ್ಲೇ. ಫೋಕಸ್ ನೋಡ್ಕೊಳ್ತೀನಿ. ಮುಖ ನನ್ನ ಕಡೆ ಇರಲಿ, ಬಲಗೈ ಪಕ್ಕಕ್ಕೆ ಚಾಚಿ," ಎಂದಳು ಈಗ.

"ಹೀಗಾ? ಈ ವಯಸ್ಸಲ್ಲಿ ಹೀರೋ ಮಾಡ್ತಿದ್ದೀಯಲ್ಲ."

"ಹಾಗೇ ಇರಿ."

ಅವರ ಬೆನ್ನ ಹಿಂದೆ, ಬಹಳ ದೂರದಲ್ಲಿ, ಕಡಲ ಕಡೆಯಿಂದ ದೋಣಿ ಕಾಣಿಸಿತು; ಅದರಲ್ಲಿದ್ದವನು ತಾಮ್ರದ ಸುರುಳಿಯೊಂದನ್ನು ಎತ್ತಿ ಮುಂದೆ ಚಾಚಿದ. ಅವಳು ಕ್ಯಾಮೆರಾದ ಗುಂಡಿ ಒತ್ತಿದಳು.

ಮ್ಯಾನೇಜರ್ ಅಂದು ಬರಲಿಲ್ಲ. ಕಾದು ಸುಸ್ತಾದ ಮೇಷ್ಟ್ರು ಅವನನ್ನು ಬೈದುಕೊಳ್ಳುತ್ತ ಮನೆಗೆ ಹೋದರು.

ವಾರ ಕಳೆಯುವುದರೊಳಗೆ ಸ್ಟುಡಿಯೋಗೆ ಪೊಲೀಸರು ಬಂದರು. ಇನ್ಸ್‌ಪೆಕ್ಟರ್ ಮೇಜಿನ ಮೇಲೆ ಪತ್ರಿಕೆ ಎಸೆದ. ಮುಖಪುಟದಲ್ಲಿ ಮೇಷ್ಟ್ರು, ದೋಣಿಯವನು ನೀಡುತ್ತಿದ್ದ ತಾಮ್ರದ ಸುರುಳಿ ಅವರ ಚಾಚಿದ ಬಲಗೈಯಲ್ಲಿ.

ನಾನಿದ್ದದ್ದು ಜೆಟ್ಟಿಯಲ್ಲಿ, ದೋಣಿ ಎಲ್ಲೋ ನಡುನೀರಲ್ಲಿ, ಇದೆಲ್ಲ ಲೆನ್ಸಿನ ಆಟ ಎಂದು ಮೇಷ್ಟ್ರು ಗೋಗರೆದರು. ಇನ್ಸ್‌ಪೆಕ್ಟರ್‌ಗೆ ನಗು ಬಂತು. ಫೋಟೋ ಯಾರು ತೆಗೆದದ್ದೆಂದು ಮೇಷ್ಟ್ರಿಗೆ ಹೊಳೆದಿತ್ತು. ಯಾಕೆಂದು ಹೊಳೆದಿರಲಿಲ್ಲ.

"ನೀನಾದ್ರೂ ನಿಜ ಹೇಳು, ಮಗಳೇ."

"ಏನಮ್ಮ, ಹಾಗೂ ಆಗುತ್ತಾ?" ಇನ್ಸ್‌ಪೆಕ್ಟರ್ ಅವಳತ್ತ ತಿರುಗಿದ.

ಅಪ್ಪನ ಕೇಸಿನಲ್ಲಿ ಕಟಕಟೆ ಹತ್ತಿ ಇದೇ ಮೇಷ್ಟ್ರು ಹೇಳಿದ್ದ ಆ ಒಂದು ಸಾಲನ್ನು ಅವಳು ಅಕ್ಷರ ಬಿಡದೆ ಒಪ್ಪಿಸಿದಳು: "ಕಣ್ಣೆದುರು ಇಲ್ಲದ್ದು ಫೋಟೋದಲ್ಲಿ ಹೇಗೆ ಬರುತ್ತೆ, ಸ್ವಾಮಿ?"