ವಾಪಸು ಬಂದ ಸೀರೆ

ಬನಹಟ್ಟಿಯ ತಾಯವ್ವನ ಮನೆಯ ಕಟ್ಟೆಯ ಮೇಲೆ ಸಾವಕ್ಕನ ಸೀರೆಗಳಿಗೆ ಹೆಂಗಸರು ಮುಗಿಬಿದ್ದಿದ್ದನ್ನು ಕಂಡು ಮರೆವ್ವನ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. ಜಮಖಂಡಿಯ ಅಂಗಡಿಗೆ ಗಿರಾಕಿಗಳು ವಾಪಸು ಕೊಟ್ಟ ಸೀರೆಗಳನ್ನೇ ಇಬ್ಬರೂ ಅಗ್ಗಕ್ಕೆ ತಂದು ಮಾರುತ್ತಿದ್ದರು. ಆದರೆ ಈಚೆಗೆ ಮರೆವ್ವನನ್ನು ಯಾರೂ ಕರೆಯುತ್ತಿರಲಿಲ್ಲ.

ತಡೆಯಲಾರದೆ ಅವಳು ತಾಯವ್ವನ ಕೈಯಲ್ಲಿದ್ದ ಸೀರೆಯ ಮಡಿಕೆ ಬಿಚ್ಚಿ, ಒಳಗಿನ ಎಣ್ಣೆಯ ಕಲೆಯನ್ನು ಎತ್ತಿ ತೋರಿಸಿದಳು. "ನೋಡ್ರಿ! ಯಾರೋ ಉಟ್ಟು ಬಿಟ್ಟ ಸೀರಿ ಇದು. ಹೊಸಾದು ಅಂತ ನಿಮಗ ಟೊಪಗಿ ಹಾಕಾಕತ್ತಾಳ!"

"ಆ ಡಾಗ ಸಾವಕ್ಕ ತಾನ ಮೊದಲ ತೋರಿಸ್ಯಾಳ. ವಾಪಸ್ ಬಂದ ಮಾಲು ಅಂತ ಹೇಳೇ ಮಾರ್ತಾಳ," ಎಂದಳು ತಾಯವ್ವ. ಅವಳ ಕಣ್ಣು ಮರೆವ್ವನ ಕಂಕುಳಲ್ಲಿದ್ದ ಗಂಟಿನ ಮೇಲೆ ಹೋಯಿತು. "ನಿನ್ನವು ಎಲ್ಲಾ ಹೊಸಾವು ಅಂತಿದ್ದೆಲ್ಲಾ? ಬಿಚ್ಚ ಬೇ, ನೋಡೂಣು."

ಮರೆವ್ವ ಗಂಟನ್ನು ಎರಡೂ ಕೈಗಳಿಂದ ಅವುಚಿಕೊಂಡಳು.